ಮುರಿದಲ್ಲೇ ಓದಿದೆ: ಗಂಗಾವತಿಯಲ್ಲಿ ಕೂತು ಜಾವಾ 8ರಿಂದ 25ಕ್ಕೆ

ಗಂಗಾವತಿಯ ಹನ್ನೊಂದು ರೈಸ್ ಮಿಲ್‌ಗಳ ತೂಕದ ಚೀಟಿ, ಬಿಲ್ಲು, ರೈತರ ಲೆಕ್ಕ ನನ್ನ ಪ್ರೋಗ್ರಾಮಿನ ಮೇಲೆ ನಡೆಯುತ್ತವೆ. ಅದನ್ನು ಬರೆದಿರುವುದು ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅದರ 17ನೇ ಆವೃತ್ತಿ ಬಂದಾಗಲೂ ನಾನು 8ರಲ್ಲೇ ಇದ್ದೆ. ಗಾಬರಿಯಾಗಿ ಒಂದು ಆನ್‌ಲೈನ್ ಕೋರ್ಸಿಗೆ 35 ಸಾವಿರ ಚಿಲ್ಲರೆ ಕಟ್ಟಿದೆ. ಮೂರು ತಿಂಗಳು ಉದಾಹರಣೆಗೆ ಅದೇ ಎಂಪ್ಲಾಯಿ, ಅದೇ ಸ್ಯಾಲರಿ. ನನಗೆ ಬೇಕಿದ್ದುದು ಲಾರಿ, ಚೀಲ, ತೇವಾಂಶ. ದುಡ್ಡು ಹೋಯಿತು, ತಲೆಯಲ್ಲಿ ಏನೂ ಉಳಿಯಲಿಲ್ಲ.

ಆಮೇಲೆ ನನ್ನದೇ ದಾರಿ ಹಿಡಿದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊಸ ಜೆಡಿಕೆ (ಜಾವಾದ ಹೊಸ ಆವೃತ್ತಿಯ ಕಿಟ್) ಬರುತ್ತದಲ್ವಾ, ಅದನ್ನು ಇಳಿಸಿ ನನ್ನ 40 ಸಾವಿರ ಸಾಲಿನ ಹಳೇ ಕೋಡನ್ನು ಅದರ ಮೇಲೆ ಓಡಿಸುವುದು. ಎಲ್ಲಿ ಮುರಿಯಿತೋ ಅದರ ಜೆಇಪಿ, ಅಂದರೆ ಆ ಬದಲಾವಣೆಯನ್ನು ವಿವರಿಸುವ ಅಧಿಕೃತ ಬರಹ ಮಾತ್ರ ಓದುವುದು. ಬೆಂಗಳೂರಿನ ಗೆಳೆಯ ನಕ್ಕ. 'ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯ್ತು' ಅಂದ. ನಾನು ಬೆಂಕಿ ಹಚ್ಚುತ್ತಿದ್ದುದು ಕೋಡಿನ ಕಾಪಿಗೆ, ಅದು ಅವನಿಗೆ ಹೊಳೆಯಲಿಲ್ಲ.

11ರಲ್ಲಿ ಜಾಕ್ಸ್‌ಬಿ (ಎಕ್ಸ್‌ಎಂಎಲ್ ಫೈಲು ಓದಿ ಬರೆಯುವ ಲೈಬ್ರರಿ) ಇರಲಿಲ್ಲ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಕಳಿಸುವ ಎಕ್ಸ್‌ಎಂಎಲ್ ನಿಂತಿತು. ಅದನ್ನೇ ಹೊರಗಿನಿಂದ ತಂದು ಸೇರಿಸಿದೆ, ಅರ್ಧ ಗಂಟೆ ಕೆಲಸ. ನನ್ನನ್ನು ಅಳುವಂತೆ ಮಾಡಿದ್ದು 17. ಒಂದೊಂದು ಮಿಲ್ಲಿಗೆ ತೇವಾಂಶದ ಕಡಿತ ಒಂದೊಂದು ರೀತಿ. ಆ ಸೂತ್ರಗಳನ್ನೆಲ್ಲ ಜಾವಾಸ್ಕ್ರಿಪ್ಟಿನಲ್ಲಿ ಬರೆದು, ಜಾವಾ ಒಳಗೇ ಇದ್ದ ನಾಶಾರ್ನ್ ಅನ್ನೋ ಜಾವಾಸ್ಕ್ರಿಪ್ಟ್ ಎಂಜಿನ್ ಮೇಲೆ ಓಡಿಸುತ್ತಿದ್ದೆ. ನಾಶಾರ್ನನ್ನು ಜಾವಾದವರು 15ರಲ್ಲೇ ಕಿತ್ತು ಹಾಕಿದ್ದರು. ಹನ್ನೊಂದು ಸೂತ್ರ ಕೈಯಾರೆ ಜಾವಾಕ್ಕೆ ಬರೆದೆ, ಸುಮಾರು ಹದಿನೈದು ರಾತ್ರಿ. ಬರೆಯುವಾಗಲೇ ಎರಡು ಮಿಲ್ಲಿನಲ್ಲಿ ಕಡಿತ ತಪ್ಪಾಗಿ ಬೀಳುತ್ತಿದ್ದುದು ಸಿಕ್ಕಿತು. ಅದನ್ನು ಮಾಲೀಕರಿಗೆ ಹೇಗೆ ಹೇಳಿದೆ ಅನ್ನೋದು ಬೇರೆ ಕಥೆ.

18ರಿಂದ ಡೀಫಾಲ್ಟ್ ಎನ್‌ಕೋಡಿಂಗ್, ಅಂದರೆ ಅಕ್ಷರ ಉಳಿಸುವ ರೀತಿ, ಕನ್ನಡಕ್ಕೂ ಒಗ್ಗುವ ಯುಟಿಎಫ್-8. ಇದಕ್ಕೆ ಕೈ ಮುಗಿಯಬೇಕು. ಅದಕ್ಕೂ ಮುಂಚೆ ವಿಂಡೋಸ್ ಮಶೀನಿನಲ್ಲಿ ಬ್ಯಾಚ್ ಫೈಲಿಗೆ ಎನ್‌ಕೋಡಿಂಗ್ ಹಾಕಲು ಮರೆತರೆ ರೈತರ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆ. ಒಬ್ಬ ಹಿರಿಯರು ಚೀಟಿ ಹಿಡಿದು ಬಂದು, 'ತಮ್ಮಾ, ಏನ್ ಕೇಳಾಕತ್ತೈತಿ ಇದು?' ಅಂದಿದ್ದರು.

21ರ ಜೊತೆ ಎರಡು ಪೆಟ್ಟು ತಿಂದೆ. ಒಂದು, ಸ್ಟ್ರಿಂಗ್ ಟೆಂಪ್ಲೇಟ್, ಸಾಲಿನ ನಡುವೆ ಹೆಸರು, ಅಂಕಿ ತುಂಬುವ ಸೌಲಭ್ಯ. ಪ್ರಿವ್ಯೂ, ಇನ್ನೂ ಪ್ರಯೋಗಕ್ಕಷ್ಟೇ ಅಂತ ಗೊತ್ತಿದ್ದೂ ಆಸೆಗೆ ಬಿದ್ದು ಬಿಲ್ಲಿನ ಭಾಗವನ್ನೆಲ್ಲ ಅದರಲ್ಲಿ ಬರೆದೆ. 23ರಲ್ಲಿ ಅದನ್ನೇ ತೆಗೆದುಬಿಟ್ಟರು. ಎರಡು ವಾರ ದಂಡ. ಇನ್ನೊಂದು, ವರ್ಚುವಲ್ ಥ್ರೆಡ್, ಸಾವಿರಾರು ಕೆಲಸ ಒಟ್ಟಿಗೆ ಬಿಡಬಲ್ಲ ಹಗುರ ಎಳೆ. ಸಂಜೆ 900 ರೈತರಿಗೆ ಲೆಕ್ಕದ ಎಸ್‌ಎಂಎಸ್ ಹೋಗಬೇಕು. ತಲೆಗೊಂದು ಥ್ರೆಡ್ ಬಿಟ್ಟೆ. ಡೇಟಾಬೇಸಿಗೆ ಒಟ್ಟಿಗೆ ಇದ್ದ ಕನೆಕ್ಷನ್ ಹತ್ತೇ! ಮೂವತ್ತು ಸೆಕೆಂಡಿಗೆ ಟೈಮ್‌ಔಟ್‌ಗಳ ಮಳೆ. ಒಮ್ಮೆಗೆ ಇಷ್ಟೇ ಅಂತ ತಡೆಯುವ ಒಂದು ಸೆಮಾಫೋರ್ ಹಾಕಿದೆ, ಸರಿಹೋಯಿತು. ಸಿಂಕ್ರೊನೈಸ್ಡ್ ಅನ್ನೋ ಬೀಗದೊಳಗೆ ಕಾಯುವಾಗ ಹಗುರ ಥ್ರೆಡ್ಡು ಅಸಲಿ ಥ್ರೆಡ್ಡಿಗೆ ಅಂಟಿಕೊಳ್ಳುತ್ತದೆ (ಪಿನ್ ಆಗುತ್ತದೆ) ಅಂತ ನಾಲ್ಕು ದಿನ ಕೂತು ಅದನ್ನೆಲ್ಲ ಕಿತ್ತು ಇನ್ನೊಂದು ಬಗೆಯ ಬೀಗ ರೀಎಂಟ್ರಂಟ್‌ಲಾಕ್ ಹಾಕಿದ್ದೆ. 24ರಲ್ಲಿ ಜಾವಾದವರೇ ಅದನ್ನು ರಿಪೇರಿ ಮಾಡಿದರು. ಹೊಟ್ಟೆ ಉರಿಯಿತು.

ದೊಡ್ಡ ತಪ್ಪು ಕೋಡಿನದಲ್ಲ. 21 ಅನ್ನು ಒಂದು ಮಿಲ್ಲಿಗೆ ಹಾಕಿದ್ದು ನವೆಂಬರಿನಲ್ಲಿ, ಭತ್ತದ ಸುಗ್ಗಿಯ ನಡುವೆ. ಸಂಜೆ ಏಳರಿಂದ ರಾತ್ರಿ ಒಂದರವರೆಗೆ ತೂಕ ನಿಂತಿತು, ಲಾರಿಗಳು ರಸ್ತೆವರೆಗೂ ಸಾಲು. ಆ ಮಿಲ್ಲು ನನ್ನ ಕೈಬಿಟ್ಟಿತು, ವರ್ಷಕ್ಕೆ 48 ಸಾವಿರ ಹೋಯಿತು. ಆಮೇಲೆ ಬೇರೆ ಮಿಲ್ಲು ಸಿಕ್ಕಿ ಲೆಕ್ಕ ಮತ್ತೆ ಹನ್ನೊಂದಕ್ಕೆ ನಿಂತಿದೆ. ಸುಗ್ಗಿಯಲ್ಲಿ ಈಗ ಒಂದು ಸಾಲನ್ನೂ ಮುಟ್ಟಲ್ಲ.

ಲಾರಿ ತೂಗುವ ವೇಬ್ರಿಜ್ ಇಲ್ಲದೆ ಮನೆಯಲ್ಲೇ ಇದನ್ನೆಲ್ಲ ಹೇಗೆ ಟೆಸ್ಟ್ ಮಾಡುತ್ತೇನೆ ಅಂತ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

25ಕ್ಕೆ ಬಂದು ಕಾಂಪ್ಯಾಕ್ಟ್ ಆಬ್ಜೆಕ್ಟ್ ಹೆಡರ್ ಅನ್ನೋ ಮೆಮೊರಿ ಉಳಿಸುವ ಸೌಲಭ್ಯ ಆನ್ ಮಾಡಿದೆ. ಹೀಪು (ಪ್ರೋಗ್ರಾಮ್ ಬಳಸುವ ಮೆಮೊರಿ) ಸುಮಾರು ಏಳನೇ ಒಂದು ಪಾಲು ಇಳಿಯಿತು. ಎರಡು ಸರ್ವರ್ ಒಂದಾಯಿತು, ಬಾಡಿಗೆ ಆರು ಸಾವಿರದ ಹತ್ತಿರದಿಂದ ಮೂರಕ್ಕೆ. ಆ ಗೆಳೆಯ ಈಗ ತನ್ನ ಆಫೀಸಿನ ಕೋಡಿಗೂ ಇದನ್ನೇ ಮಾಡುತ್ತಿದ್ದಾನೆ. ಒಗ್ಗರಣೆ ಮಿರ್ಚಿ ಕೊಡಿಸುತ್ತೇನೆ ಅಂದಿದ್ದಾನೆ, ಇನ್ನೂ ಕೊಡಿಸಿಲ್ಲ.

ಒಂಬತ್ತು ಮಿಲ್ಲು 25ರಲ್ಲಿವೆ. ಉಳಿದ ಎರಡರ ತೂಕದ ಕೋಣೆಯಲ್ಲಿ 32 ಬಿಟ್ ವಿಂಡೋಸ್. 24ರಿಂದ ಜಾವಾ ಅದಕ್ಕೆ ಬರುವುದೇ ಇಲ್ಲ. ಹೊಸ ಕಂಪ್ಯೂಟರಿಗೆ 22 ಸಾವಿರ ಆಗುತ್ತದೆ ಅಂದರೆ ಸಾವ್ಕಾರರು, 'ಇದು ನಡೀತೈತಲ್ಲ' ಅನ್ನುತ್ತಾರೆ.