ಅಮೆರಿಕದ ಚಿತ್ರಕಾರ್ತಿ ಮೇರಿ ಕಸಾಟ್ ಅವರ ಚಿತ್ರಗಳನ್ನು ನೋಡಲು ಎಲ್ಲಿಂದ ಶುರು ಮಾಡಬೇಕು?

ಮೊದಲೇ ಜೀವನಚರಿತ್ರೆ ಓದಬೇಡಿ. 1893ರ ‘ಮಗುವಿನ ಸ್ನಾನ’ ಚಿತ್ರ ತೆರೆಯಿರಿ. ಇದು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ, ಅವರ ವೆಬ್‌ಸೈಟಿನಲ್ಲಿ ದೊಡ್ಡದು ಮಾಡಿ ನೋಡಬಹುದು.

ಮುಖ ಆಮೇಲೆ ನೋಡಿ. ಮೊದಲು ಬೋಗುಣಿಯ ನೀರಲ್ಲಿರುವ ಪುಟ್ಟ ಪಾದ, ಅದನ್ನು ತೊಳೆಯುತ್ತಿರುವ ಕೈ, ಹೆಂಗಸಿನ ಮೊಣಕಾಲಿನ ಮೇಲೆ ಊರಿದ ಮಗುವಿನ ಕೈ. ನಾವೇ ಪಕ್ಕದಲ್ಲಿ ನಿಂತು ಮೇಲಿಂದ ಬಗ್ಗಿ ನೋಡಿದ ಹಾಗಿದೆ ಅಲ್ವಾ? ಈ ನೋಟದ ಹಿಂದೆ ಜಪಾನಿನ ಮರದಚ್ಚಿನ ಚಿತ್ರಗಳಿವೆ. 1890ರಲ್ಲಿ ಪ್ಯಾರಿಸ್‌ನಲ್ಲಿ ಅವುಗಳ ದೊಡ್ಡ ಪ್ರದರ್ಶನ ನೋಡಿ ಬೆರಗಾದ ಕಸಾಟ್, ತಾಮ್ರದ ತಗಡಿನ ಮೇಲೆ ಗೀರಿ, ಬಣ್ಣ ಹಚ್ಚಿ, ಮರುವರ್ಷವೇ ಹತ್ತು ಅಚ್ಚುಚಿತ್ರಗಳ ಸರಣಿ ಮಾಡಿದರು. ಅದರಲ್ಲಿ ‘ಪತ್ರ’ ತಪ್ಪಿಸಬೇಡಿ. ಲಕೋಟೆ ಅಂಟಿಸುತ್ತಿರುವ ಹೆಂಗಸು, ಅಷ್ಟೇ. ನನಗಂತೂ ಅವರ ಕೆಲಸದಲ್ಲೆಲ್ಲ ಇದೇ ತುಂಬಾ ಇಷ್ಟ.

ಈಗ ಹಿಂದಕ್ಕೆ ಹೋಗಿ. ಹುಟ್ಟಿದ್ದು 1844, ಪೆನ್ಸಿಲ್ವೇನಿಯಾ. ಪ್ಯಾರಿಸ್‌ನ ಸರ್ಕಾರಿ ಕಲಾಶಾಲೆ ಆಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಖಾಸಗಿಯಾಗಿ ಕಲಿತರು, ಅಲ್ಲಿನ ಲೂವ್ರ್ ಮ್ಯೂಸಿಯಂನಲ್ಲಿ ಕೂತು ಹಳೆಯ ಚಿತ್ರಗಳನ್ನು ನಕಲು ಮಾಡಿದರು. 1877ರಲ್ಲಿ ಚಿತ್ರಕಾರ ದೆಗಾ ಅವರನ್ನು ತಮ್ಮ ಇಂಪ್ರೆಷನಿಸ್ಟ್ ಗುಂಪಿಗೆ, ಅಂದರೆ ಆ ಕ್ಷಣದ ಬೆಳಕು-ಬಣ್ಣದ ನೋಟವನ್ನು ಹಿಡಿಯಲು ಹೊರಟ ಚಿತ್ರಕಾರರ ಗುಂಪಿಗೆ, ಕರೆದರು.

‘ತಾಯಿ-ಮಗು ಚಿತ್ರಕಾರ್ತಿ’ ಅಂತ ಸುಮ್ನೆ ಹಣೆಪಟ್ಟಿ ಹಚ್ಚುವ ಮುಂಚೆ, ಬಾಸ್ಟನ್‌ನಲ್ಲಿರುವ 1878ರ ನಾಟಕಶಾಲೆಯ ಚಿತ್ರ ನೋಡಿ: ಕಪ್ಪುಡುಗೆಯ ಹೆಂಗಸು ದುರ್ಬೀನು ಹಿಡಿದು ನೋಡುತ್ತಿದ್ದಾಳೆ, ದೂರದಲ್ಲೊಬ್ಬ ಗಂಡಸು ದುರ್ಬೀನನ್ನು ಅವಳತ್ತಲೇ ತಿರುಗಿಸಿದ್ದಾನೆ.

ದೃಷ್ಟಿ ಕೆಟ್ಟು ಕೊನೆಯ ಹತ್ತು ವರ್ಷ ಅವರಿಗೆ ಚಿತ್ರ ಬರೆಯಲಾಗಲಿಲ್ಲ, 1926ರಲ್ಲಿ ತೀರಿಕೊಂಡರು. ಸಮಯ ಕಡಿಮೆಯಿದ್ದರೆ 1878ರಿಂದ 1893ರವರೆಗಿನ ಚಿತ್ರಗಳಿಗೇ ಜಾಸ್ತಿ ಹೊತ್ತು ಕೊಡಿ.