ನಮ್ಮೂರ ದೆವ್ವಗಳಿಗೆ ಬೆಸ್ಟಿಯರಿ ಬರೆಯುವ ಕ್ರಮ

ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ (ಆಟಗಾರನು ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ವಿಡಿಯೊ ಗೇಮ್‌ಗಳಲ್ಲಿ) ಬೆಸ್ಟಿಯರಿ ಎಂದರೆ ಆಟಗಾರನು ಎದುರಿಸುವ ಜೀವಿಗಳ ವಿವರಕೋಶ. ಚಿತ್ರ, ಹೆಸರು, ಒಂದಿಷ್ಟು ವರ್ಣನೆ ಇದ್ದರೆ ಸಾಕೆಂದು ಹಲವರು ಅದನ್ನು ಕೊನೆಗೆ ಸೇರಿಸುತ್ತಾರೆ. ಆದರೆ ಓದಿದವನಿಗೂ ಓದದವನಿಗೂ ಹೋರಾಟದಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಆ ಪುಟ ಇದ್ದೂ ಇಲ್ಲದಂತೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕೇಳಿ ಬೆಳೆದ ಕಥೆಗಳನ್ನು ಗೇಮ್‌ಗೆ ತರಬಯಸುವವರು ಮೊದಲು ಗಮನಿಸಬೇಕಾದದ್ದು ಇದನ್ನೇ.

2015ರಲ್ಲಿ ಬಂದ ‘ದಿ ವಿಚರ್ 3’ ಎಂಬ ಗೇಮ್ ಈ ಕೆಲಸವನ್ನು ಸೊಗಸಾಗಿ ಮಾಡಿದೆ. ಅದರ ನೂನ್‌ರೇತ್ ಎಂಬ ಪ್ರೇತ ನಡುಹಗಲಿನ ಬಿಸಿಲಿಗೆ ಹೊಲಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮದುವೆಗೆ ಮುಂಚೆ ದುರ್ಮರಣಕ್ಕೀಡಾದ ಹೆಣ್ಣಿನ ಕಥೆ ಅದರ ಹಿಂದಿದೆ. ಯರ್ಡೆನ್ ಎಂಬ ಮಂತ್ರದ ವೃತ್ತದೊಳಗೆ ಸಿಕ್ಕಿದಾಗ ಅದು ಕತ್ತಿಯ ಏಟಿಗೆ ಸರಿಯಾಗಿ ಸಿಗುತ್ತದೆ. ಸ್ಥಳ, ಹೊತ್ತು, ಕಾರಣ, ಪರಿಹಾರ ಎಂಬ ನಾಲ್ಕೂ ಅಂಶಗಳು ಕಥೆಯಲ್ಲಿಯೂ ಇವೆ, ಆಟದ ನಿಯಮದಲ್ಲಿಯೂ ಇವೆ.

ನಮ್ಮ ಹಿರಿಯರು ಹೇಳುವ ದೆವ್ವದ ಕಥೆಗಳಲ್ಲಿ ಈ ನಾಲ್ಕೂ ಅಂಶಗಳು ತಾವಾಗಿಯೇ ಇರುತ್ತವೆ. ಆದ್ದರಿಂದ ಅಜ್ಜಿಯರನ್ನೋ ತೋಟದ ಕಾವಲಿನವರನ್ನೋ ಮಾತನಾಡಿಸುವಾಗ ‘ಅದು ಹೇಗಿತ್ತು?’ ಎಂಬ ಪ್ರಶ್ನೆಗೇ ನಿಲ್ಲಬಾರದು. ಹುಣಸೆಮರದಲ್ಲಿಯೋ ಕೆರೆ ಏರಿಯ ಮೇಲೋ, ಅಮಾವಾಸ್ಯೆಗೋ ನಡುಮಧ್ಯಾಹ್ನಕ್ಕೋ, ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ, ಕಬ್ಬಿಣದ ಚೂರಿಗೆ ಅಂಜುತ್ತದೆಯೋ ಬೇವಿನ ಸೊಪ್ಪಿಗೋ ಎಂದೆಲ್ಲ ಕೇಳಬೇಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನ ಕಡೆ ಕಥೆ ತೆಲುಗಿನಲ್ಲಿ ಬಂದರೆ ಹೇಳಿದವರು ಬಳಸಿದ ಹೆಸರನ್ನೇ ಬರೆದುಕೊಳ್ಳಬೇಕು.

ಉದಾಹರಣೆಗೆ ಕೊಳ್ಳಿದೆವ್ವವನ್ನು ತೆಗೆದುಕೊಳ್ಳೋಣ. ರಾತ್ರಿ ದೂರದ ಹೊಲದಲ್ಲಿ ಚಲಿಸುವ ಬೆಂಕಿಯಾಗಿ ಅದು ಕಾಣುತ್ತದೆಂಬುದು ನಂಬಿಕೆ. ‘ಭಯಂಕರವಾದ ಬೆಂಕಿಯ ಪ್ರೇತ, ಶಕ್ತಿ 300’ ಎಂದು ಬರೆದರೆ ಅದು ಯಾವ ದೇಶದ ಆಟದ ಪ್ರೇತವಾದರೂ ಆದೀತು. ಅದರ ಬದಲು ಹೀಗೆ ಬರೆಯಬಹುದು: ‘ಬೆನ್ನಟ್ಟಿದವರು ದಾರಿ ತಪ್ಪುತ್ತಾರೆ. ಕೈಯಲ್ಲಿ ದೀವಟಿಗೆ ಇದ್ದವರ ಮುಂದೆ ಅದು ಸುಳಿಯುವುದಿಲ್ಲ. ಬೆಳಕನ್ನು ಆರಿಸಿ, ಏರಿಯ ಮೇಲೆ ಕುಳಿತು ಕಾಯ್ದವರ ಬಳಿಗೆ ತಾನೇ ಬರುತ್ತದೆ.’ ಇದರಲ್ಲಿ ದೀವಟಿಗೆ, ಕಾಯುವಿಕೆಗಳು ನಾನು ಆಟಕ್ಕಾಗಿ ಸೇರಿಸಿದವು. ಹಾಗೆ ಸೇರಿಸುವುದು ತಪ್ಪಲ್ಲ. ಆದರೆ ಟಿಪ್ಪಣಿ ಪುಸ್ತಕದಲ್ಲಿ ಕೇಳಿದ್ದನ್ನೂ ಕಲ್ಪಿಸಿದ್ದನ್ನೂ ಬೇರೆಬೇರೆಯಾಗಿ ಗುರುತಿಸಿಡಬೇಕು, ಏಕೆಂದರೆ ಒಮ್ಮೆ ಬೆರೆತರೆ ಊರಿನ ಕಥೆ ಯಾವುದೆಂದು ಹೇಳುವವರೇ ಇಲ್ಲದಂತಾಗಬಹುದು.

ಕಥೆ ಸಿಗದ ಕಡೆ ಸ್ಥಳವನ್ನೇ ಓದಬೇಕು. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದವು, 2001ರಲ್ಲಿ ಮುಚ್ಚಿದವು. ಆ ಆಳದಲ್ಲಿ ಶಾಖ ವಿಪರೀತವಾಗಿತ್ತು, ಒತ್ತಡಕ್ಕೆ ಬಂಡೆ ಹಠಾತ್ತಾಗಿ ಸಿಡಿಯುತ್ತಿತ್ತು. ಅಲ್ಲಿಗೊಂದು ಜೀವಿಯನ್ನು ಕಲ್ಪಿಸುವುದಾದರೆ ಅದಕ್ಕೆ ಕೋರೆಹಲ್ಲು ಬೇಕಿಲ್ಲ. ಗೋಡೆಯೊಳಗೆ ಚಟಪಟ ಸದ್ದು ಕೇಳಿಸಲಿ, ಸದ್ದು ನಿಂತ ಕ್ಷಣವೇ ಬಂಡೆ ಸಿಡಿಯಲಿ. ‘ಸದ್ದಿರುವಾಗ ಓಡು’ ಎಂಬುದನ್ನು ಆಟಗಾರ ಬೆಸ್ಟಿಯರಿಯಿಂದ ತಿಳಿಯಲಿ. ಅಲ್ಲಿ ದುಡಿದವರ, ಮಡಿದವರ ಕುಟುಂಬಗಳು ಇಂದಿಗೂ ಇರುವುದರಿಂದ ನಿಜವಾದ ಅಪಘಾತಗಳನ್ನು ರಾಕ್ಷಸನ ತಲೆಗೆ ಕಟ್ಟುವುದು ಸಲ್ಲದು.

ನಿಜವಾದ ಪ್ರಾಣಿಗಳಿಗೂ ಇದೇ ಕ್ರಮ. ತುಮಕೂರು ಜಿಲ್ಲೆಯ ಕುರುಚಲು ಕಾಡಿನ ಗುಡ್ಡಗಳಲ್ಲಿರುವ ಕರಡಿಗೆ ದೃಷ್ಟಿ ಮಂದ. ಹತ್ತಿರದಲ್ಲಿ ಬೆಚ್ಚಿಬಿದ್ದರೆ ಮೇಲೆ ಬೀಳುತ್ತದೆ. ಸದ್ದು ಮಾಡುತ್ತಾ ನಡೆಯುವವನನ್ನು ಆಟದ ಕರಡಿ ದೂರದಿಂದಲೇ ತಪ್ಪಿಸಿಕೊಂಡು ಹೋಗುವಂತೆ ನಿಯಮ ಮಾಡಬಹುದು.

ಪುಟವನ್ನು ಒಮ್ಮೆಗೇ ಪೂರ್ತಿ ತೆರೆಯಬಾರದು. 1996ರ ಮೊದಲ ಪೋಕೆಮಾನ್ ಆಟಗಳಲ್ಲಿ 151 ಜೀವಿಗಳಿದ್ದವು. ಕಂಡ ಜೀವಿ ಆ ಆಟದ ಬೆಸ್ಟಿಯರಿಯಾದ ಪೋಕೆಡೆಕ್ಸ್‌ನಲ್ಲಿ ದಾಖಲಾಗುತ್ತಿತ್ತು, ಪೂರ್ಣ ವಿವರ ಹಿಡಿದ ಮೇಲಷ್ಟೇ ಸಿಗುತ್ತಿತ್ತು. ನಮ್ಮ ಕಥೆಗಳಿಗೆ ಇನ್ನೂ ಒಪ್ಪುವ ದಾರಿಯೆಂದರೆ, ಊರಿನ ಪಾತ್ರಗಳನ್ನು ಮಾತನಾಡಿಸಿದಂತೆಲ್ಲ ಒಂದೊಂದು ಸಾಲು ಸೇರುವುದು. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಉಳಿಸಿ, ಯಾವುದು ಸರಿಯೆಂಬುದನ್ನು ಆಟಗಾರನೇ ಕಂಡುಕೊಳ್ಳುವಂತೆ ಮಾಡಬೇಕು.

ಕೋಡ್ ಬರೆಯುವ ಮೊದಲು ಆ ಪುಟವನ್ನು ಗೇಮ್ ಆಡದ ಒಬ್ಬರಿಗೆ ಓದಿ ಹೇಳಿ, ‘ಇದು ಎದುರಾದರೆ ನೀವೇನು ಮಾಡುತ್ತೀರಿ?’ ಎಂದು ಕೇಳಿ. ಉತ್ತರ ಹೊಳೆಯದಿದ್ದರೆ ವರ್ಣನೆಯನ್ನು ಕಡಿಮೆ ಮಾಡಿ, ಪರಿಹಾರದ ಸುಳಿವನ್ನು ಸ್ಪಷ್ಟಪಡಿಸಿ, ಮತ್ತೆ ಓದಿ ಹೇಳಿ.