ನಕ್ಷೆಯ ತುಣುಕಿನಿಂದ ನಿಲ್ದಾಣ ಪತ್ತೆ: ಬೀದಿ ಬಿಡಿ, ಕೋನ ಹಿಡಿಯಿರಿ

ನಕ್ಷೆಯ ತುಣುಕು ನೋಡಿ ಅದು ಯಾವ ರೈಲು ನಿಲ್ದಾಣ ಎಂದು ಹೇಳುವ ಆಟವಿದು. ಹೆಸರು ಅಳಿಸಿದ ತುಣುಕು ಕೈಗೆ ಬಂದೊಡನೆ ಎಲ್ಲರೂ ಬೀದಿಗಳ ಮೇಲೆ ಕಣ್ಣಾಡಿಸುತ್ತಾರೆ. ಹಳಿಗಳ ನಡುವಿನ ಕೋನ ಒಂದಿದ್ದರೆ ಸಾಕು ಎಂದು ನಾನು ಹೇಳಿದಾಗ ಜೊತೆ ಆಟಗಾರರಲ್ಲಿ ಒಬ್ಬರೂ ಒಪ್ಪಲಿಲ್ಲ. ಈಗ ಜಂಕ್ಷನ್ ಇರುವ ತುಣುಕಾದರೆ ಹತ್ತಕ್ಕೆ ಏಳೆಂಟು ಸಲ ಉತ್ತರ ಸಿಗುತ್ತಿದೆ.

ದುಂಡು ಭೂಮಿಯನ್ನು ಚಪ್ಪಟೆಯಾಗಿ ಬಿಡಿಸಲು ವೆಬ್ ನಕ್ಷೆಗಳು ಬಳಸುವ ಮರ್ಕೇಟರ್ ವಿಧಾನದಲ್ಲಿ ಉದ್ದ ಹಿಗ್ಗುತ್ತದೆ, ಕೋನ ಕೆಡುವುದಿಲ್ಲ. ತುಣುಕನ್ನು ತಿರುಗಿಸಿ ಕೊಟ್ಟರೂ ಮೂರು ಮಾರ್ಗಗಳ ನಡುವಿನ 60–130–170 ಡಿಗ್ರಿ ಹಾಗೇ ಉಳಿಯುತ್ತದೆ. ಕನ್ನಡಿ ಬಿಂಬ ಮಾಡಿದ್ದರೆ ಮಾತ್ರ ಕ್ರಮ ತಿರುವುಮುರುವು. ಅದಕ್ಕೇ ಜಂಕ್ಷನ್‌ಗಳ ಕೋನಪಟ್ಟಿಯಲ್ಲಿ ಎರಡೂ ಕ್ರಮದಲ್ಲಿ ಹುಡುಕಬೇಕು.

ಕೈಕೊಡುವುದು ಅಳೆಯುವ ಜಾಗ. ಯಾರ್ಡಿನೊಳಗೆ ಹಳಿಗಳೆಲ್ಲ ಅಕ್ಕಪಕ್ಕ ಸಾಗುತ್ತವೆ, ಅಲ್ಲಿ ಕೋನಮಾಪಕ ಇಟ್ಟರೆ ಎಲ್ಲ ಜಂಕ್ಷನ್ನೂ ಒಂದೇ ಥರ. ಪ್ಲಾಟ್‌ಫಾರ್ಮಿನ ನಡುವಿನಿಂದ ಸುಮಾರು ಒಂದು ಕಿ.ಮೀ. ಆಚೆ ಹಳಿ ಇರುವಲ್ಲಿಗೆ ನೇರ ಗೆರೆ ಎಳೆಯಿರಿ. ತುಣುಕಿನ ಮೇಲೆ ಕಿ.ಮೀ. ತೋರಿಸುವ ಅಳತೆಪಟ್ಟಿ ಇಲ್ಲದಿದ್ದರೆ ಅರ್ಧ, ಒಂದು, ಎರಡು ಕಿ.ಮೀ. ಮೂರಕ್ಕೂ ಹೋಲಿಸಿ. ಐದಾರು ಡಿಗ್ರಿ ಸಡಿಲ ಬಿಡಿ.

ಆ ಕೋನಪಟ್ಟಿ ಮಾಡಿಕೊಳ್ಳಲು ಓವರ್‌ಪಾಸ್ ಟರ್ಬೊ ಸಾಕು; ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮಾಹಿತಿಯನ್ನು ಹೆಕ್ಕಿ ಕೊಡುವ ಜಾಲತಾಣ ಅದು. ಇಡೀ ದೇಶವನ್ನು ಒಂದೇ ಸಲ ಕೇಳಿದರೆ ಟೈಮ್‌ಔಟ್ ಆಗುತ್ತದೆ, ಚೌಕ ಚೌಕವಾಗಿ ಇಳಿಸಿ. ಸೈಡಿಂಗ್ (ಮುಖ್ಯ ಮಾರ್ಗದ ಪಕ್ಕದ ಹಳಿ), ಯಾರ್ಡ್ ಎಂದು ಗುರುತಾದ ಹಳಿಗಳನ್ನು ಮೊದಲೇ ತೆಗೆಯದಿದ್ದರೆ ಪ್ರತಿ ಗೂಡ್ಸ್ ಶೆಡ್ಡೂ ಜಂಕ್ಷನ್ ಆಗಿ ಕೂರುತ್ತದೆ. ಜೋಡಿ ಹಳಿ ಎರಡು ಮಾರ್ಗವಾಗಿ ಎಣಿಕೆಯಾಗುತ್ತದೆ; ಏಳೆಂಟು ಡಿಗ್ರಿಯೊಳಗೆ ಬಂದವನ್ನು ಒಂದಾಗಿಸಿ. ಆಮೇಲೆ ಪಟ್ಟಿಯನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಒಂದೇ ಥರದವು ಎರಡು ಬಂದರೆ ನೀರು ನೋಡಿ. ಇಂಗ್ಲೆಂಡಿನ ಶಿಪ್ಲಿ, ಅರ್ಲ್ಸ್‌ಟೌನ್ ಎರಡರಲ್ಲೂ ಹಳಿಗಳ ತ್ರಿಕೋನದ ಮೂರೂ ಬದಿಗೆ ಪ್ಲಾಟ್‌ಫಾರ್ಮ್ ಇದೆ. ಶಿಪ್ಲಿಯ ಉತ್ತರಕ್ಕೆ ಏರ್ ನದಿ, ಅದರ ಜೊತೆಗೆ ಲೀಡ್ಸ್–ಲಿವರ್‌ಪೂಲ್ ಕಾಲುವೆ. ಅರ್ಲ್ಸ್‌ಟೌನಿನಲ್ಲಾದರೆ 1830ರ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗ ಹೆಚ್ಚುಕಡಿಮೆ ನೇರವಾಗಿ ಹಾದುಹೋಗುತ್ತದೆ.

ಹಳೆಯ ನಕ್ಷೆಯ ತುಣುಕಾದರೆ ಕಿತ್ತುಹಾಕಿದ ಮಾರ್ಗಗಳೂ ಪಟ್ಟಿಯಲ್ಲಿರಬೇಕು. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಮುಚ್ಚಿದವು ರಾಶಿ ಇವೆ. ಇವತ್ತಿನ ನಕ್ಷೆಯಲ್ಲಿ ಅವು ಕಾಲುದಾರಿಯಾಗಿ, ಹೊಲಗಳ ನಡುವಿನ ಬಾಗಿದ ಗಡಿಯಾಗಿ ಉಳಿದಿರುತ್ತವೆ.

ಪ್ಲಾಟ್‌ಫಾರ್ಮಿನ ಉದ್ದವನ್ನೂ ಪರೀಕ್ಷಿಸಿದ್ದೇನೆ. ದೇಶ ಬೇರ್ಪಡಿಸಲು ಅದು ಒಳ್ಳೆಯದು: ಭಾರತದಲ್ಲಿ 24 ಬೋಗಿಗೆ ಆರುನೂರು ಮೀಟರ್ ಆಸುಪಾಸು, ಬ್ರಿಟನ್ನಿನಲ್ಲಿ 20 ಮೀಟರಿನ 12 ಬೋಗಿಗೆ 240. ಆದರೆ ವೆಬ್ ನಕ್ಷೆಯನ್ನು ಸಮಭಾಜಕಕ್ಕೆ ಹೊಂದುವ ಅಳತೆಯಲ್ಲಿ ಅಳೆದರೆ 52 ಡಿಗ್ರಿ ಅಕ್ಷಾಂಶದ 240 ಮೀಟರ್ 390 ಆಗಿ ಕಾಣುತ್ತದೆ. ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿದ ಮೇಲಷ್ಟೇ ನಂಬಿ.

ದುಡ್ಡು ಕೊಟ್ಟು ತೆಗೆದುಕೊಂಡ ಉಪಗ್ರಹ ಚಿತ್ರಗಳು ಈ ಆಟಕ್ಕೆ ದಂಡ. ಮರದ ನೆರಳಿನಲ್ಲಿ ಹಳಿ ಮುಚ್ಚಿಹೋಗುತ್ತದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಹಳೆಯ ನಕ್ಷೆಗಳು ಪುಕ್ಕಟೆ ನೋಡಲು ಸಿಗುವಾಗ ಆ ಖರ್ಚು ಬೇಕಿಲ್ಲ.

ಎರಡೇ ದಿಕ್ಕಿನ ಸಣ್ಣ ನಿಲ್ದಾಣಕ್ಕೆ ಈ ಕೋನ ಸಾಲದು. ಅಲ್ಲಿ ಹಳಿ ದಾಟುವ ಹೊಳೆಯನ್ನೋ ಹೆದ್ದಾರಿಯನ್ನೋ ಮೂರನೆಯ ಗೆರೆಯಾಗಿ ಹಿಡಿಯುತ್ತೇನೆ. ಹೊಳೆಯೇ ವಾಸಿ, ಹೆದ್ದಾರಿಯ ದಾರಿ ಬದಲಾಗುತ್ತಿರುತ್ತದೆ.